ಅತಿಥಿಗೂ ತಿಥಿ ಗೊತ್ತಾದ ಮೇಲೆ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಮನೆಗೆ ಫೋನು ಮಾಡಿದ್ದೆ. ಎರಡು ದಿನ ತಂಗಲು ಕೋಣೆ ಸಿಗುತ್ತದೆಯೇ ಎಂದು ಕೇಳುವುದಿತ್ತು. ಮನೆಯಾಕೆ ಕೇಳಿದ ಮೊದಲ ಪ್ರಶ್ನೆ, 'ಎಷ್ಟು ಜನ ಬರ್ತೀರಿ?' ಎರಡನೆಯದು, 'ರಾತ್ರಿ ಊಟಕ್ಕೆ ಮುಂಚೆ ಸೇರ್ತೀರೋ, ಇಲ್ಲ ದಾರೀಲೇ ಮುಗಿಸ್ಕೊಂಡು ಬರ್ತೀರೋ?' ಮೂರನೆಯದು ಸ್ವಲ್ಪ ತಡೆದು ಬಂತು. 'ತಪ್ಪು ತಿಳೀಬೇಡಿ, ನೀವು ಯಾವ ಜನ?'

'ಪತ್ರಿಕೆ ಜನ' ಎಂದೆ. ಆಕೆ ನಕ್ಕರು. 'ಹಾಗಲ್ಲ, ಕೋಳಿ ಮಾಡ್ಬೇಕೋ ಬೇಡ್ವೋ ಅಂತ ಕೇಳ್ದೆ' ಎಂದು ಮಾತು ತಿರುಗಿಸಿದರು. ಅಷ್ಟಕ್ಕೇ ಕೇಳಿದ್ದರೂ ಇರಬಹುದು. ಆದರೆ ಆ ಮೂರು ಪ್ರಶ್ನೆಗಳಲ್ಲಿ 'ಹೋಂಸ್ಟೇ' ಎಂದು ನಾವು ಕರೆಯುವ ವ್ಯವಹಾರದ ಮುಕ್ಕಾಲು ಪಾಲು ಇದೆ. ಹಾಸಿಗೆ ಎಷ್ಟು, ಅಡುಗೆ ಏನು, ಬರುವವರು ಯಾರು. ಲಾಡ್ಜಿನ ಗುಮಾಸ್ತನಿಗೆ ಮೊದಲನೆಯದು ಸಾಕು. ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ಸಾಲದು.

ಅತಿಥಿ ಎಂಬ ಶಬ್ದಕ್ಕೆ ನಮ್ಮ ಪಂಡಿತರು ಹೇಳುತ್ತ ಬಂದ ಅರ್ಥ, ತಿಥಿ ಇಲ್ಲದವನು, ಬರುವ ದಿನ ಗೊತ್ತಿಲ್ಲದವನು ಎಂದು. ಈಗಿನ ಅತಿಥಿಗೆ ತಿಥಿ ಮಾತ್ರವಲ್ಲ, ಗಳಿಗೆಯೂ ಗೊತ್ತು. ಮಧ್ಯಾಹ್ನ 12ಕ್ಕೆ ಒಳಗೆ, ಮರುದಿನ 11ಕ್ಕೆ ಹೊರಗೆ. ಮುಂಗಡ ಹಣ ಮೊದಲೇ ಹೋಗಿರುತ್ತದೆ. ಬರುವವರ ಫೋಟೊ ಮನೆಯವರ ಮೊಬೈಲಿನಲ್ಲಿ, ಮನೆಯ ಫೋಟೊ ಬರುವವರ ಮೊಬೈಲಿನಲ್ಲಿ. ಇಷ್ಟಾಗಿಯೂ ಇಬ್ಬರೂ ಒಬ್ಬರಿಗೊಬ್ಬರು ಅಪರಿಚಿತರೇ.

ಪರಸ್ಥಳದಲ್ಲಿ ತಂಗುವ ಏರ್ಪಾಡು ನಮಗೆ ಹೊಸದಲ್ಲ. ದಾರಿಯುದ್ದಕ್ಕೂ ಅರವಟ್ಟಿಗೆ, ಛತ್ರ, ಮುಸಾಫಿರಖಾನೆಗಳಿದ್ದವು. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೇ ಗುಬ್ಬಿ ತೋಟದಪ್ಪನವರು 1903ರಲ್ಲಿ ತೆರೆದ ಛತ್ರದ ಹೆಸರನ್ನು ಹಳ್ಳಿಯಿಂದ ಬಂದ ಎಷ್ಟೋ ಮಂದಿ ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ. ಗೋಕರ್ಣದಲ್ಲಿ ಇನ್ನೂ ಒಂದು ಬಗೆ ಇತ್ತು. ಅಲ್ಲಿನ ಉಪಾಧಿವಂತರ, ಎಂದರೆ ಕ್ಷೇತ್ರದ ಪುರೋಹಿತರ ಮನೆಗಳಲ್ಲೇ ಯಾತ್ರಿಕರು ಇಳಿದುಕೊಳ್ಳುತ್ತಿದ್ದರು. ಪಿತೃಕಾರ್ಯಕ್ಕೆ ಬಂದವರಿಗೆ ಸ್ನಾನ, ಊಟ, ಮಲಗಲು ಜಗಲಿ ಎಲ್ಲವೂ ಅಲ್ಲೇ. ಬಾಡಿಗೆ ಎಂಬ ಮಾತಿರಲಿಲ್ಲ, ದಕ್ಷಿಣೆ ಇತ್ತು. ಮುಂದೆ ಗೋವೆಯ ಕಡೆಯಿಂದ ವಿದೇಶಿ ಯುವಕರು ಕುಡ್ಲೆ, ಓಂ ಕಡಲತೀರಗಳಿಗೆ ಇಳಿದು ಬಂದಾಗ ಗೋಕರ್ಣದ ಮನೆಗಳಿಗೆ ಹೊರಗಿನವರಿಗೆ ಕೋಣೆ ಕೊಡುವುದು ತೀರ ಅಪರಿಚಿತ ಸಂಗತಿ ಆಗಿರಲಿಲ್ಲ ಎನ್ನಿ.

ಆದರೆ ಈ ಹಳೆಯ ಆತಿಥ್ಯದ ಬಗ್ಗೆ ನಾವು ಹೆಮ್ಮೆಪಡುವಾಗ ಒಂದು ವಿಷಯವನ್ನು ಮರೆತುಬಿಡುತ್ತೇವೆ. ಅದರ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಛತ್ರಗಳಲ್ಲಿ ಒಂದೊಂದು ಜಾತಿಗೆ ಒಂದೊಂದು ಪಂಕ್ತಿ, ಎಷ್ಟೋ ಕಡೆ ಒಂದೊಂದು ಜಾತಿಗೆ ಒಂದೊಂದು ಛತ್ರ. ಅಸ್ಪೃಶ್ಯರೆನಿಸಿದವರಿಗೆ ಜಗಲಿಯೂ ಇಲ್ಲ.

ಇದಕ್ಕೆ ಅಂಬೇಡ್ಕರ್ ಅವರ ಅನುಭವಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕೊಲಂಬಿಯಾ ಮತ್ತು ಲಂಡನ್ನಿನಲ್ಲಿ ಓದಿ ಬಂದ ಅವರು 1917ರಲ್ಲಿ ಬರೋಡ ಸಂಸ್ಥಾನದ ನೌಕರಿಗೆ ಹೋದಾಗ ಇಳಿದುಕೊಳ್ಳಲು ಜಾಗ ಸಿಗಲಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಸೇರಿಕೊಂಡರು. ಹನ್ನೊಂದನೆಯ ದಿನ ಬೆಳಿಗ್ಗೆ ಕೋಲು ಹಿಡಿದ ಹತ್ತು ಹನ್ನೆರಡು ಮಂದಿ ಬಂದು ಖಾಲಿ ಮಾಡಿಸಿದರು. ಅವರು ಇಬ್ಬರು ಸ್ನೇಹಿತರನ್ನು ಕೇಳಿದರು. ಹಿಂದೂ ಸ್ನೇಹಿತ, ನೀನು ಬಂದರೆ ಮನೆಯ ಆಳುಗಳು ಬಿಟ್ಟುಹೋಗುತ್ತಾರೆ ಎಂದ. ಕ್ರೈಸ್ತ ಸ್ನೇಹಿತ, ಹೆಂಡತಿಯನ್ನು ಕೇಳಬೇಕು ಎಂದ. ಅಂಬೇಡ್ಕರ್ ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದು ಮುಂಬಯಿಯ ರೈಲು ಹತ್ತಿದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದ ಟಿಪ್ಪಣಿಗಳಲ್ಲಿ ಅವರೇ ಇದನ್ನು ದಾಖಲಿಸಿದ್ದಾರೆ. 'ಮನೆಯಲ್ಲಿ ಜಾಗ ಕೊಡುವುದು' ಎಂಬ ಮಾತಿನ ತೂಕ ಏನೆಂಬುದು ಇಲ್ಲಿ ತಿಳಿಯುತ್ತದೆ.

ಅಮೆರಿಕದಲ್ಲೂ ಇದೇ ಕಥೆ, ಬಣ್ಣ ಮಾತ್ರ ಬೇರೆ. ನ್ಯೂಯಾರ್ಕಿನ ಹಾರ್ಲೆಮ್‌ನ ಅಂಚೆ ಪೇದೆ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ ಒಂದು ಸಣ್ಣ ಕೈಪಿಡಿ ಹೊರತಂದ. ಕರಿಯ ಪ್ರಯಾಣಿಕರಿಗೆ ಎಲ್ಲಿ ಊಟ ಸಿಗುತ್ತದೆ, ಎಲ್ಲಿ ಪೆಟ್ರೋಲು ಹಾಕುತ್ತಾರೆ, ಎಲ್ಲಿ ಮಲಗಬಹುದು ಎಂಬ ಪಟ್ಟಿ ಅದು. 'ಗ್ರೀನ್ ಬುಕ್' ಎಂದೇ ಹೆಸರಾಯಿತು. ಅದರಲ್ಲಿ ಹೋಟೆಲುಗಳ ಜೊತೆಗೆ 'ಟೂರಿಸ್ಟ್ ಹೋಂ' ಎಂಬ ತಲೆಬರಹದಡಿ ಖಾಸಗಿ ಮನೆಗಳ ವಿಳಾಸಗಳಿರುತ್ತಿದ್ದವು. ಹೋಟೆಲು ಸೇರಿಸದ ಊರಿನಲ್ಲಿ ತಮ್ಮವರ ಮನೆಯೇ ಗತಿ. ಇಂದಿನ ಹೋಂಸ್ಟೇ ಪಟ್ಟಿಗಳ ಪೂರ್ವಜರನ್ನು ಹುಡುಕುವವರು ಈ ಪುಸ್ತಕವನ್ನು ಬಿಡುವಂತಿಲ್ಲ.

ನಮ್ಮ ಕೊಡಗು, ಚಿಕ್ಕಮಗಳೂರಿಗೆ ಬರೋಣ. ಇಲ್ಲಿ ಹೋಂಸ್ಟೇ ಬೆಳೆದದ್ದು ಆತಿಥ್ಯದ ಉತ್ಸಾಹದಿಂದ ಎಂದು ಜಾಹೀರಾತುಗಳು ಹೇಳುತ್ತವೆ. ಲೆಕ್ಕದ ಪುಸ್ತಕ ಬೇರೆಯೇ ಹೇಳುತ್ತದೆ. 1942ರ ಕಾಫಿ ಕಾಯ್ದೆಯ ನಂತರ ಅರ್ಧ ಶತಮಾನದಷ್ಟು ಕಾಲ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸುತ್ತಿದ್ದ, ಮಂಡಳಿ ಮಾರಿ ಕಂತುಗಳಲ್ಲಿ ಹಣ ಕೊಡುತ್ತಿತ್ತು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಮುರಿದು ಬಿತ್ತು. 1990ರ ದಶಕದ ಮೊದಲ ವರ್ಷಗಳಿಂದ ಇಲ್ಲಿಯೂ ಹಂತ ಹಂತವಾಗಿ ಬಿಗಿ ಸಡಿಲಿಸಿ, 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಮುಕ್ತವಾಗಿ ಮಾರುವ ಸ್ವಾತಂತ್ರ್ಯ ಬಂತು.

ಮೊದಲು ಸುಗ್ಗಿಯೇ. 1994ರಲ್ಲಿ ಬ್ರೆಜಿಲ್‌ನ ತೋಟಗಳು ಕೊರೆಯುವ ಚಳಿಗೆ ಸುಟ್ಟುಹೋದದ್ದರಿಂದ ಬೆಲೆ ಏರಿತು. ಮಲೆನಾಡಿನಲ್ಲಿ ಹೊಸ ಜೀಪು, ಹೊಸ ಮಹಡಿ ಎದ್ದದ್ದು ಆಗಲೇ. ಆಮೇಲೆ ವಿಯೆಟ್ನಾಮಿನ ಕಾಫಿ ಪ್ರವಾಹದಂತೆ ಪೇಟೆಗೆ ಬಂತು. 2001ರ ಹೊತ್ತಿಗೆ ಜಗತ್ತಿನ ಕಾಫಿ ಬೆಲೆ ಹಲವು ದಶಕಗಳಲ್ಲೇ ಕಾಣದಷ್ಟು ಕೆಳಗೆ ಕುಸಿದಿತ್ತು. ಸುಗ್ಗಿಯಲ್ಲಿ ಕಟ್ಟಿದ ಮಹಡಿ ಖಾಲಿ, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ, ಬ್ಯಾಂಕಿನ ಸಾಲ ಮಾತ್ರ ಮನೆಯಲ್ಲೇ. ಅದೇ ವೇಳೆಗೆ ಬೆಂಗಳೂರಿನಲ್ಲಿ ಶನಿವಾರ ಭಾನುವಾರ ರಜೆ ಇರುವ, ಕೈಯಲ್ಲಿ ಕಾಸಿರುವ ಒಂದು ಪೀಳಿಗೆ ತಯಾರಾಗಿತ್ತು. ಖಾಲಿ ಕೋಣೆಗೂ ಆ ಕಾಸಿಗೂ ಗಂಟು ಬಿದ್ದದ್ದೇ ಹೋಂಸ್ಟೇ. 2006ರ ಡಿಸೆಂಬರ್ ಕೊನೆಯಲ್ಲಿ ಬಂದ 'ಮುಂಗಾರು ಮಳೆ' ಚಿತ್ರ ಮಡಿಕೇರಿ, ಸಕಲೇಶಪುರದ ಮಂಜು ಮಳೆಯನ್ನು ಊರೂರಿನ ತೆರೆಯ ಮೇಲೆ ತೋರಿಸಿ ಉಳಿದ ಪ್ರಚಾರವನ್ನು ಪುಕ್ಕಟೆಯಾಗಿ ಮಾಡಿಕೊಟ್ಟಿತು.

ಇದರಲ್ಲಿ ಹೆಚ್ಚು ಮಾತಾಡದ ಒಂದು ಬದಲಾವಣೆಯಿದೆ. ತೋಟದ ಲೆಕ್ಕ ಗಂಡಸರ ಕೈಯಲ್ಲಿತ್ತು. ಹೋಂಸ್ಟೇ ನಡೆಯುವುದು ಅಡುಗೆಮನೆಯಿಂದ. ಪಂದಿ ಕರಿ, ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ರೊಟ್ಟಿಗೆ ಬೆಲೆ ಬಂದಾಗ ಅದನ್ನು ಮಾಡುವ ಕೈಗೂ ಒಂದಿಷ್ಟು ಹಣ ಬಂತು. ನಾನು ಹೋದ ಮನೆಯಲ್ಲಿ ಕೋಣೆಯ ಬಾಡಿಗೆ ಯಜಮಾನರ ಖಾತೆಗೆ, ಊಟದ ದುಡ್ಡು ಯಜಮಾನಿಯ ಡಬ್ಬಿಗೆ ಎಂಬ ಒಪ್ಪಂದವಿತ್ತು. ಡಬ್ಬಿಯೇ ಹೆಚ್ಚು ಭಾರ ಎಂದು ಇಬ್ಬರೂ ಒಪ್ಪಿಕೊಂಡರು.

ಇಷ್ಟರಲ್ಲಿ ಸಮುದ್ರದಾಚೆ ಇನ್ನೊಂದು ಘಟನೆ ನಡೆಯಿತು. 2007ರ ಅಕ್ಟೋಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ವಿನ್ಯಾಸಕಾರರ ದೊಡ್ಡ ಸಮ್ಮೇಳನ. ಹೋಟೆಲುಗಳೆಲ್ಲ ಭರ್ತಿ. ಬಾಡಿಗೆ ಕಟ್ಟಲು ಪರದಾಡುತ್ತಿದ್ದ ಬ್ರಯಾನ್ ಚೆಸ್ಕಿ, ಜೋ ಗೆಬಿಯಾ ಎಂಬಿಬ್ಬರು ತಮ್ಮ ಮನೆಯ ನೆಲದ ಮೇಲೆ ಗಾಳಿ ತುಂಬಿದ ಮೂರು ಹಾಸಿಗೆ ಹಾಸಿ, ರಾತ್ರಿಗೆ 80 ಡಾಲರ್, ಬೆಳಗಿನ ತಿಂಡಿ ಸೇರಿ ಎಂದು ಜಾಹೀರು ಮಾಡಿದರು. ಮೂವರು ಬಂದರು, ಅವರಲ್ಲಿ ಒಬ್ಬ ಭಾರತದಿಂದ ಓದಲು ಹೋದ ವಿದ್ಯಾರ್ಥಿ. ಮರುವರ್ಷ ನೇಥನ್ ಬ್ಲೆಚಾರ್ಸಿಕ್ ಜೊತೆಗೂಡಿ ಸಂಸ್ಥೆ ಕಟ್ಟಿದರು. ಗಾಳಿ ಹಾಸಿಗೆಯ ನೆನಪು ಹೆಸರಿನಲ್ಲೇ ಉಳಿಯಿತು: ಏರ್‌ಬಿಎನ್‌ಬಿ.

ಈ ಬಗೆಯ ಸಂಸ್ಥೆಗಳಿಗೆ ಸ್ವಂತ ಕೋಣೆ ಇಲ್ಲ. ಅವು ಮಾಡುವುದು ದಲ್ಲಾಳಿ ಕೆಲಸ. ಮನೆಯ ಫೋಟೊ, ಖಾಲಿ ದಿನಗಳ ಪಟ್ಟಿ ಇಡುತ್ತವೆ, ಅತಿಥಿಯಿಂದ ಹಣ ಪಡೆದು ಅವನು ಒಳಗೆ ಬಂದ ಮೇಲೆ ಕಮಿಷನ್ ಕಳೆದು ಮಾಲೀಕನಿಗೆ ಕೊಡುತ್ತವೆ. ಬಹಳಷ್ಟು ಸಲ ಮನೆಯ ಖಚಿತ ವಿಳಾಸ ತಿಳಿಯುವುದು ಹಣ ಕಟ್ಟಿದ ಮೇಲೆ. ಅಪರಿಚಿತರ ನಡುವೆ ನಂಬಿಕೆ ಹುಟ್ಟಿಸಲು ಅವು ಕಂಡುಕೊಂಡ ಉಪಾಯವೆಂದರೆ ಎರಡೂ ಕಡೆಯ ಅಭಿಪ್ರಾಯ ಬರೆಸುವುದು. ಅತಿಥಿ ಮನೆಗೆ ಅಂಕ ಕೊಟ್ಟಂತೆ ಮನೆಯೂ ಅತಿಥಿಗೆ ಅಂಕ ಕೊಡುತ್ತದೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಹೋದವನ ಕೀರ್ತಿ ಮುಂದಿನ ಊರಿಗೆ ಅವನಿಗಿಂತ ಮೊದಲೇ ತಲುಪುತ್ತದೆ.

ಹೆಸರು, ಫೋಟೊ ನೋಡಿ ಒಪ್ಪುವ ಪದ್ಧತಿಯಲ್ಲಿ ಹಳೆಯ ಪ್ರಶ್ನೆ ಹಿಂಬಾಗಿಲಿನಿಂದ ಒಳಗೆ ಬಂತು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಂಶೋಧಕರು 2015ರಲ್ಲಿ ಅಮೆರಿಕದ ಐದು ನಗರಗಳ ಸುಮಾರು 6,400 ಮನೆಗಳಿಗೆ ಕೋಣೆ ಕೇಳಿ ಸಂದೇಶ ಕಳುಹಿಸಿದರು. ಎಲ್ಲವೂ ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. ಬಿಳಿಯರ ಹೆಸರಿಗಿಂತ ಕರಿಯರ ಹೆಸರಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಶೇಕಡಾ 16ರಷ್ಟು ಕಡಿಮೆ ಎಂದು ಕಂಡಿತು. ಗದ್ದಲವಾಯಿತು. ಕೋಣೆ ಒಪ್ಪಿಕೊಳ್ಳುವ ಮೊದಲು ಅತಿಥಿಯ ಫೋಟೊ ಮನೆಯವರಿಗೆ ಕಾಣದಂತೆ 2018ರಲ್ಲಿ ಸಂಸ್ಥೆ ನಿಯಮ ಬದಲಿಸಿತು. ಹೆಸರು ಮಾತ್ರ ಉಳಿಯಿತು. ನಮ್ಮಲ್ಲಾದರೆ ಹೆಸರಿನ ಬಾಲವೇ ಸಾಕಲ್ಲ.

ಕಾನೂನು ಇದಕ್ಕೆ ಏನು ಹೇಳುತ್ತದೆ? ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆ ವಸತಿಗೃಹಗಳಲ್ಲಿ ವರ್ಣಭೇದವನ್ನು ನಿಷೇಧಿಸಿತು, ಆದರೆ ಮಾಲೀಕ ತಾನೂ ವಾಸವಿದ್ದು ಐದಕ್ಕಿಂತ ಹೆಚ್ಚು ಕೋಣೆ ಬಾಡಿಗೆಗೆ ಕೊಡದ ಮನೆಗೆ ವಿನಾಯಿತಿ ಇಟ್ಟಿತು. ಅಂದರೆ ಸರಿಯಾಗಿ ಹೋಂಸ್ಟೇಗೇ ವಿನಾಯಿತಿ. ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು ಮುಂತಾದ ಕಡೆ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ಇವುಗಳ ಆಧಾರದಲ್ಲಿ ಯಾರನ್ನೂ ತಡೆಯಬಾರದು ಎನ್ನುತ್ತದೆ. ನಾಗರಿಕ ಹಕ್ಕುಗಳ ಸಂರಕ್ಷಣೆಯ 1955ರ ಕಾಯ್ದೆ 'ಹೋಟೆಲ್' ಎಂಬ ಮಾತಿನಲ್ಲಿ ಊಟ ವಸತಿ ಕೊಡುವ ಬೋರ್ಡಿಂಗ್, ಲಾಡ್ಜಿಂಗ್ ಮನೆಗಳನ್ನೂ ಸೇರಿಸಿದೆ. ಫಲಕ ಹಾಕಿ, ಹಣ ಪಡೆದು ಕೋಣೆ ಕೊಡುವವರು 'ಇದು ನಮ್ಮ ಸ್ವಂತ ಮನೆ' ಎಂಬ ನೆಪದಲ್ಲಿ ಇದರಿಂದ ತಪ್ಪಿಸಿಕೊಳ್ಳಲಾಗದು ಎಂದೇ ನನಗೆ ತೋರುತ್ತದೆ. ಮದುವೆಯಾಗದ ವಯಸ್ಕ ಜೋಡಿ ಒಂದು ಕೋಣೆಯಲ್ಲಿ ತಂಗುವುದು ಅಪರಾಧವಲ್ಲ ಎಂದು ಮದ್ರಾಸ್ ಹೈಕೋರ್ಟು 2019ರಲ್ಲಿ ಕೊಯಮತ್ತೂರಿನ ಒಂದು ಪ್ರಕರಣದಲ್ಲಿ ಹೇಳಿದೆ. ಆದರೂ ಕೆಲವು ಮನೆಗಳು ಅಂಥವರನ್ನು ಸೇರಿಸುವುದಿಲ್ಲ. ಮೊದಲೇ ಕೇಳಿಕೊಳ್ಳುವುದು ಮೇಲು, ರಾತ್ರಿ ಹತ್ತು ಗಂಟೆಗೆ ಗೇಟಿನ ಮುಂದೆ ವಾದ ಮಾಡುವುದಕ್ಕಿಂತ.

ಮನೆ ಎನ್ನುವುದು ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಶುರುವಾಗುತ್ತದೆ? ದೊಡ್ಡ ನಗರಗಳು ಈ ಪ್ರಶ್ನೆಯ ಜೊತೆ ಹೆಣಗುತ್ತಿವೆ. ಬಾರ್ಸೆಲೋನಾದಲ್ಲಿ ಪ್ರವಾಸಿಗರಿಗೆ ದಿನಬಾಡಿಗೆ ಕೊಡುವುದೇ ಲಾಭವೆಂದು ಮಾಲೀಕರು ತಿಂಗಳ ಬಾಡಿಗೆಯವರನ್ನು ಎಬ್ಬಿಸತೊಡಗಿದರು. ರಾತ್ರಿಯಿಡೀ ಗಲಾಟೆಗೆ ಬೇಸತ್ತ ಬಾರ್ಸೆಲೊನೆಟಾ ಬಡಾವಣೆಯ ಜನ 2014ರಲ್ಲಿ ಬೀದಿಗಿಳಿದರು. ಸುಮಾರು ಹತ್ತು ಸಾವಿರ ಪ್ರವಾಸಿ ಫ್ಲಾಟುಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲವೆಂದು ಅಲ್ಲಿನ ನಗರಾಡಳಿತ 2024ರಲ್ಲಿ ಘೋಷಿಸಿತು. ನ್ಯೂಯಾರ್ಕ್ 2023ರ ಸೆಪ್ಟೆಂಬರಿನಿಂದ ಬೇರೆ ದಾರಿ ಹಿಡಿದಿದೆ. 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವುದಾದರೆ ನೋಂದಣಿ ಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳು ಕೂಡದು, ಮತ್ತು ಮನೆಯವರು ಮನೆಯಲ್ಲೇ ಇರಬೇಕು.

ಈ ಕೊನೆಯ ಷರತ್ತು ನಮ್ಮಲ್ಲಿ ಅದಕ್ಕಿಂತ ಮೊದಲೇ ಇದೆ ಎಂದರೆ ಆಶ್ಚರ್ಯವಾಗಬಹುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 'ಇನ್‌ಕ್ರೆಡಿಬಲ್ ಇಂಡಿಯಾ' ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆ ರೂಪುಗೊಂಡಾಗಲೇ ಮಾಲೀಕರ ಕುಟುಂಬ ಅದೇ ಕಟ್ಟಡದಲ್ಲಿ ವಾಸವಿರಬೇಕು, ಅತಿಥಿಗಳಿಗೆ ಒಂದರಿಂದ ಆರು ಕೋಣೆ ಮಾತ್ರ ಎಂದು ಬರೆಯಲಾಗಿತ್ತು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಬಹುಕಾಲ 'ಸಿ ಫಾರಂ' ಎಂದೇ ಹೆಸರಾಗಿದ್ದ ಆ ಕಟ್ಟಳೆ ಲಾಡ್ಜಿಗೂ ಒಂದೇ, ತೋಟದ ಮನೆಗೂ ಒಂದೇ.

ನಿಯಮ ಇದೆ. ನಡೆಯುವುದು ಬೇರೆ. ಮಡಿಕೇರಿ ಹತ್ತಿರ ಒಂದು 'ಹೋಂಸ್ಟೇ'ಗೆ ನಾವು ನಾಲ್ವರು ಸ್ನೇಹಿತರು ಹೋಗಿದ್ದೆವು. ಫೋಟೊದಲ್ಲಿ ಕಿಟಕಿಯ ಹೊರಗೆ ಜಲಪಾತವಿತ್ತು. ಅದು ಹನ್ನೊಂದು ಕಿಲೋಮೀಟರ್ ದೂರದ್ದು ಎಂದು ಹೋದ ಮೇಲೆ ತಿಳಿಯಿತು. ಅದಿರಲಿ, ಮನೆಯೇ ಇರಲಿಲ್ಲ. ಗುಡ್ಡ ಕಡಿದು ಸಾಲಾಗಿ ಕಟ್ಟಿದ ಎಂಟು ಕೋಣೆ, ಕನ್ನಡ ಬಾರದ ಇಬ್ಬರು ಹುಡುಗರು, ಮೈಸೂರಿನಲ್ಲಿ ಎಲ್ಲೋ ಇರುವ ಮಾಲೀಕ. ರಾತ್ರಿ ಪಕ್ಕದ ಕೋಣೆಯವರು ಹಾಡು ಹಾಕಿ ಕುಣಿಯತೊಡಗಿದರು. ಕೆಳಗಿನ ತೋಟದ ಹಿರಿಯರೊಬ್ಬರು ಟಾರ್ಚು ಹಿಡಿದು ಬಂದು ಹುಡುಗರಿಗೆ ಕೈಮುಗಿದು, 'ಮನೆಯಲ್ಲಿ ಕಾಯಿಲೆಯವರಿದ್ದಾರೆ' ಎಂದರು. ಹುಡುಗರು ಮಾಲೀಕನಿಗೆ ಫೋನು ಮಾಡಿದರು. ಫೋನು ಎತ್ತಲಿಲ್ಲ. ಮಾಲೀಕನಿಲ್ಲದ ಹೋಂಸ್ಟೇಯಲ್ಲಿ ನೆರೆಯವರು ದೂರುವುದು ಯಾರಿಗೆ?

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಈ ಪ್ರಶ್ನೆ ದೊಡ್ಡದಾಯಿತು. ಅಳತೆ ಮೀರಿದ ಮಳೆಯ ಜೊತೆಗೆ ಇಳಿಜಾರುಗಳನ್ನು ಕಡಿದು ರಸ್ತೆ, ಕಟ್ಟಡ ಮಾಡಿದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಎಲ್ಲ ತಪ್ಪನ್ನೂ ಹೋಂಸ್ಟೇಗಳ ತಲೆಗೆ ಕಟ್ಟುವುದು ಅನ್ಯಾಯ. ಹಳೆಯ ಮನೆಯಲ್ಲಿ ಎರಡು ಕೋಣೆ ಕೊಡುವವರು ಯಾವ ಗುಡ್ಡವನ್ನೂ ಕಡಿದವರಲ್ಲ. ಆದರೆ ಒಂದೇ ಹೆಸರಿನಡಿ ಎರಡು ಬೇರೆ ವ್ಯವಹಾರಗಳು ನಡೆಯುತ್ತಿರುವಾಗ, ಮುಂಗಡ ವಾಪಸು ಕೇಳುವ ಫೋನು ಇಬ್ಬರಿಗೂ ಬಂತು.

ಹಂಪಿಯ ಎದುರು ದಡದ ಕಥೆ ಇನ್ನೂ ಕಠಿಣ. 2025ರ ಮಾರ್ಚ್ 6ರ ರಾತ್ರಿ ಕೊಪ್ಪಳ ಜಿಲ್ಲೆಯ ಸಣಾಪುರದ ಬಳಿ ಕಾಲುವೆ ದಂಡೆಯಲ್ಲಿ ಕುಳಿತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆಯಿತು. ಒಬ್ಬ ವಿದೇಶಿ ಮಹಿಳೆ ಮತ್ತು ಅವರಿಗೆ ಮನೆಯಲ್ಲಿ ಇಳಿಯಲು ಜಾಗ ಕೊಟ್ಟಿದ್ದ ಮಹಿಳೆ ಇಬ್ಬರೂ ಅತ್ಯಾಚಾರಕ್ಕೆ ಒಳಗಾದರು. ಕಾಲುವೆಗೆ ತಳ್ಳಲ್ಪಟ್ಟ ಒಡಿಶಾದ ಯುವಕ ಸತ್ತ. ಅಪಾಯ ಮನೆಯೊಳಗಿಂದ ಬಂದದ್ದಲ್ಲ, ಆತಿಥೇಯಳೂ ಅತಿಥಿಗಳಷ್ಟೇ ನೊಂದವಳು. ಆದರೂ ಆಮೇಲೆ ಚರ್ಚೆಯೆಲ್ಲ ಹೋಂಸ್ಟೇಗಳ ಪರವಾನಗಿಯ ಸುತ್ತಲೇ ತಿರುಗಿತು. ಬೀದಿ ದೀಪದ, ಪೊಲೀಸ್ ಗಸ್ತಿನ ಮಾತು ಅದಕ್ಕಿಂತ ಕಡಿಮೆ ಕೇಳಿಬಂತು.

ಸರ್ಕಾರವೇನೋ ಹೋಂಸ್ಟೇ ಹೆಚ್ಚಲಿ ಎನ್ನುತ್ತಿದೆ. ಹೋಂಸ್ಟೇಗಳಿಗೂ ಮುದ್ರಾ ಸಾಲ ಕೊಡುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಪ್ರಕಟಿಸಲಾಯಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಬಿಲ್ಲಿನಲ್ಲಿ ಹಳೆಯ ದರವೇ ಇದ್ದರೆ ಕೇಳುವ ಹಕ್ಕು ಓದುಗರದ್ದು.

ಕಾಯ್ದಿರಿಸುವವರು ಇನ್ನೂ ಏನೇನು ಕೇಳಬೇಕು? ಹಬ್ಬದ ರಜೆ ಹತ್ತಿರ ಬಂದಂತೆ, ಇಲ್ಲದ ಮನೆಗಳ ಫೋಟೊ ತೋರಿಸಿ ಮುಂಗಡ ನುಂಗುವವರೂ ಹುಟ್ಟಿಕೊಳ್ಳುತ್ತಾರೆ. ಪೂರ್ತಿ ಹಣವನ್ನು ಗುರುತಿಲ್ಲದ ಖಾತೆಗೆ ಒಮ್ಮೆಲೇ ಹಾಕಬಾರದು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಬೇಕು. ನಿಜವಾದ ಮನೆಯವರು ಅದಕ್ಕೆ ಸಿಟ್ಟಾಗುವುದಿಲ್ಲ. ರದ್ದು ಮಾಡಿದರೆ ಎಷ್ಟು ವಾಪಸು, ಮಳೆಗಾಲದಲ್ಲಿ ರಸ್ತೆ ಮುಚ್ಚಿದರೆ ಏನು ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಕೊನೆಯ ಊರಿನಿಂದ ಮನೆಯವರೆಗೆ ಸಣ್ಣ ಕಾರು ಹೋಗುತ್ತದೆಯೋ ಜೀಪೇ ಬೇಕೋ ಎಂದು ಕೇಳದೆ ಹೋಗಿ ಕೆಸರಿನಲ್ಲಿ ಹೂತುಕೊಂಡವರು ಬಹಳ ಮಂದಿ. ಮತ್ತೆ, ಎಲ್ಲಕ್ಕಿಂತ ಮುಖ್ಯವಾಗಿ, ಮನೆಯವರು ಅಲ್ಲೇ ಇರುತ್ತಾರೆಯೇ?

ಮೂಡಿಗೆರೆಯ ಮನೆಯಾಕೆಯನ್ನು ಇದನ್ನೂ ಕೇಳಿದ್ದೆ. 'ಇಲ್ಲದೆ ಮತ್ತೆಲ್ಲಿಗೆ ಹೋಗ್ಲಿ? ಬೆಳಿಗ್ಗೆ ಐದಕ್ಕೆ ಹಾಲು ಕರೀಬೇಕು. ನೀವು ಮಲಗಿರಿ, ಕಾಫಿ ಏಳಕ್ಕೆ' ಎಂದರು.